ಹಳೇ ಟೇಬಲ್, ಹೊಸ ಬಣ್ಣ, ಮೂರು ಥರದ ಮೇಣ

ಡಿಸ್ಟ್ರೆಸ್ಸಿಂಗ್ ಅಂದರೆ ಹೊಸದಾಗಿ ಬಣ್ಣ ಬಳಿದು, ಅದನ್ನೇ ಬೇಕಂತ ಅಲ್ಲಲ್ಲಿ ಸವೆಸಿ, ವರ್ಷಗಟ್ಟಲೆ ಬಳಸಿದ ಹಾಗೆ ಕಾಣಿಸುವುದು. ಉಜ್ಜುವುದು, ಬಳಿಯುವುದು ನನಗೆ ಬೇಗ ಕೈಗೆ ಹತ್ತಿತು. ಹತ್ತದೇ ಸತಾಯಿಸಿದ್ದು ಮೇಣ. ಮೊದಲು ಮೇಣ ತೆಗೆಯಿರಿ ಅಂತಾರೆ, ಆಮೇಲೆ ಹಚ್ಚಿ ಅಂತಾರೆ, ಕೊನೆಗೆ ಇನ್ನೊಮ್ಮೆ ಹಚ್ಚಿ ಅಂತಾರೆ! ಒಂದು ಟೇಬಲ್ ಕೆಡಿಸಿಕೊಂಡ ಮೇಲೆ ಗೊತ್ತಾಗಿದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಬಣ್ಣಕ್ಕೆ ಮೊದಲು

ಸೋಪಿನ ನೀರಲ್ಲಿ ಒರೆಸಿ, ಒಣಗಿಸಿ. 120 ನಂಬರಿನ ಸ್ಯಾಂಡ್ ಪೇಪರ್ ಹಿಡಿದು ಮರದ ಎಳೆ ಹೋದ ದಿಕ್ಕಿನಲ್ಲೇ ಉಜ್ಜಿ, 220ರಲ್ಲಿ ಮುಗಿಸಿ. ಹಳೇ ವಾರ್ನಿಷ್ ಪೂರ್ತಿ ಕಿತ್ತು ಹಾಕಬೇಕಿಲ್ಲ, ಹೊಳಪು ಸತ್ತರೆ ಸಾಕು. ಮೇಲ್ಪದರ ವೆನಿಯರ್ (ಅಂಟಿಸಿದ ತೆಳು ಮರದ ಹಾಳೆ) ಆಗಿದ್ದರೆ ಕೈ ಹಗುರವಾಗಿರಲಿ. ಅದು ಎಷ್ಟೋ ಸಲ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ತುಂಬಾ ಹಳೇ ಬಣ್ಣ ಇದ್ದರೆ ಅದರಲ್ಲಿ ಸೀಸ ಇರಬಹುದು, ಪರೀಕ್ಷೆ ಮಾಡದೆ ಉಜ್ಜಿ ಧೂಳು ಎಬ್ಬಿಸಬೇಡಿ.

ಓಕ್, ಮಹಾಗನಿಯಂಥ ಮರಕ್ಕೆ ಬಿಳಿ ಬಳಿದರೆ ಮಾರನೇ ದಿನ ಕಂದು ಕಲೆ ಏಳಬಹುದು. ಮರದೊಳಗಿನ ಟ್ಯಾನಿನ್ ಎಂಬ ಒಗರಿನ ಅಂಶ ನೀರಲ್ಲಿ ಕರಗುತ್ತದೆ, ನೀರು ಬೆರೆತ ಬಣ್ಣ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಮೇಲೆ ಇನ್ನೊಂದು ಕೋಟ್ ಹೊಡೆದರೂ ಕಲೆ ಮತ್ತೆ ಹಾಜರು. ಇದಕ್ಕೆ ಬಣ್ಣದ ಕೆಳಗೆ ಮೊದಲ ಪದರವಾಗಿ ಶೆಲಾಕ್ ಪ್ರೈಮರ್ ಬೇಕು. ಅದು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಹಾಗಾಗಿ ಟ್ಯಾನಿನ್ ಅಲ್ಲೇ ನಿಲ್ಲುತ್ತದೆ.

ಈಗ ಮೇಣ

ಮೊದಲನೆಯದು ಹಳೇ ಪಾಲಿಶ್‌ನ ಮೇಣ. ಇದು ಹೋಗಲೇಬೇಕು. ಸೋಪಿಗೆ ಜಗ್ಗುವುದಿಲ್ಲ. ಬಿಳಿ ಬಟ್ಟೆಯನ್ನು ಟರ್ಪೆಂಟೈನ್‌ನಲ್ಲಿ ಅದ್ದಿ ಒರೆಸಿ ನೋಡಿ. ಬಟ್ಟೆಗೆ ಜಿಡ್ಡುಜಿಡ್ಡಾದ ಹಳದಿ ಮೆತ್ತಿಕೊಂಡರೆ ಮೇಣ ಇನ್ನೂ ಇದೆ ಅಂತ. ಬಟ್ಟೆ ಬದಲಿಸುತ್ತಾ ಹೋಗಿ. ಉಜ್ಜುವ ಮೊದಲೇ ಈ ಕೆಲಸ ಆಗಬೇಕು, ಇಲ್ಲದಿದ್ದರೆ ಸ್ಯಾಂಡ್ ಪೇಪರ್ ಮೇಣವನ್ನು ಮರದ ಎಳೆಗಳಿಗೇ ತುರುಕುತ್ತದೆ.

ಎರಡನೆಯದು ಮೇಣದಬತ್ತಿ. ನಾನು ಎಡವಿದ್ದು ಇಲ್ಲೇ. ನನಗೆ ಮೇಲೆ ಬಿಳಿ, ಸವೆದ ಕಡೆ ಕೆಳಗಿನ ನೀಲಿ ಕಾಣಬೇಕಿತ್ತು. ಮೇಣ ಹಚ್ಚಿದ ಕಡೆ ಬಣ್ಣ ಕಿತ್ತು ಬರುತ್ತದೆ ಅಂತಷ್ಟೇ ಓದಿಕೊಂಡಿದ್ದೆ. ಯಾವ ಬಣ್ಣ ಅಂತ ಯೋಚನೆಯೇ ಮಾಡಲಿಲ್ಲ. ಬರೀ ಮರದ ಅಂಚಿಗೆ ಬತ್ತಿ ತಿಕ್ಕಿ, ನೀಲಿ ಬಳಿದು, ಅದು ಒಣಗಿದ ಮೇಲೆ ಬಿಳಿ ಬಳಿದೆ. ಕೆರೆದಾಗ ಉಗುರಿಗೆ ಒಂದು ಸುರುಳಿ ಸಿಕ್ಕಿತು. ಒಂದು ಮಗ್ಗುಲು ಬಿಳಿ, ಇನ್ನೊಂದು ಮಗ್ಗುಲು ನೀಲಿ. ಕೆಳಗೆ ಬೋಳು ಮರ.

ಆ ಸುರುಳಿ ನೋಡಿದ ಮೇಲೆ ವಿಷಯ ತಲೆಗೆ ಹೋಯಿತು. ಮೇಣ ತನ್ನ ಕೆಳಗಿರುವುದನ್ನು ಉಳಿಸುತ್ತದೆ, ಮೇಲೆ ಬಂದಿದ್ದೆಲ್ಲವನ್ನೂ ಬಿಡಿಸುತ್ತದೆ. ಏನು ಕಾಣಬೇಕೋ ಅದರ ಮೇಲೇ ತಿಕ್ಕಬೇಕು. ಮರ ಕಾಣಬೇಕಾ? ಮರದ ಮೇಲೆ, ಪ್ರೈಮರಿಗೂ ಮೊದಲು. ನೀಲಿ ಕಾಣಬೇಕಾ? ನೀಲಿ ಚೆನ್ನಾಗಿ ಒಣಗಿದ ಮೇಲೆ, ನೀಲಿಯ ಮೇಲೆ. ಎರಡೂ ಬೇಕೆಂದರೆ ಎರಡು ಸಲ, ಬೇರೆ ಬೇರೆ ಜಾಗದಲ್ಲಿ. ನಾನು ಪ್ರತಿ ಕೋಟ್‌ಗೂ ಮೊದಲು "ಇಲ್ಲಿ ಏನು ಕಾಣಬೇಕು?" ಅಂತ ಬಾಯಿಬಿಟ್ಟೇ ಕೇಳಿಕೊಳ್ಳುತ್ತೇನೆ. ಕೇಳಿದವರು ನಗಲಿ ಬಿಡಿ.

ಕೆರೆದಾದ ಮೇಲೆ ಅಲ್ಲಿ ಉಳಿದ ಮೇಣವನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ. ಬಿಟ್ಟರೆ ಕೊನೆಯ ವಾರ್ನಿಷ್ ಅಲ್ಲಿ ಹಿಡಿಯುವುದಿಲ್ಲ.

ಮೂರನೆಯದು ಕೊನೆಗೆ ಹಚ್ಚುವ ಮೆತ್ತನೆಯ ಮೇಣ. ಇದು ಬಣ್ಣದ ರಕ್ಷಣೆಗೆ. ಇದರ ಮೇಲೆ ವಾರ್ನಿಷ್ ಕೂರುವುದಿಲ್ಲ, ಆದ್ದರಿಂದ ಮೇಣವೋ ವಾರ್ನಿಷೋ ಮೊದಲೇ ತೀರ್ಮಾನಿಸಿ. ಬಿಸಿ ಲೋಟ ಇಟ್ಟರೆ ಮೇಣ ಮೆತ್ತಗಾಗಿ ಉಂಗುರ ಬೀಳುತ್ತದೆ. ನನ್ನ ಪ್ರಕಾರ ಕಾಲುಗಳಿಗೆ ಮೇಣ, ಮೇಲ್ಭಾಗಕ್ಕೆ ನೀರು ಬೆರೆತ ಪಾಲಿಯುರೆಥೇನ್ ವಾರ್ನಿಷ್. ಎಣ್ಣೆಯ ವಾರ್ನಿಷ್ ಬಿಳಿಯನ್ನು ಕ್ರಮೇಣ ಹಳದಿ ಮಾಡುತ್ತದೆ.

ಎಲ್ಲಿ ಸವೆಸಬೇಕು

ಕಣ್ಣು ಮುಚ್ಚಿಕೊಂಡು ಟೇಬಲ್ ಸುತ್ತ ಅಂಗೈ ಸವರಿ. ಕೈಗೆ ಮೊದಲು ತಾಗುವ ಜಾಗವೇ ನಿಜವಾಗಿಯೂ ಸವೆಯುವ ಜಾಗ. ಅಂಚು, ಮೂಲೆ, ಡ್ರಾಯರ್ ಹಿಡಿಯ ಸುತ್ತ, ಕಾಲಿನ ಬುಡ. ನಾಲ್ಕೂ ಮೂಲೆ ಒಂದೇ ಅಳತೆಗೆ ಸವೆದರೆ ಸುಳ್ಳು ಅಂತ ಗೊತ್ತಾಗಿಬಿಡುತ್ತದೆ.

ಚಾಕ್ ಪೇಂಟ್ (ಹೊಳಪಿಲ್ಲದ, ಸೀಮೆಸುಣ್ಣದ ಹಾಗೆ ಕಾಣುವ ಬಣ್ಣ) ಉಜ್ಜಿದರೆ ಪುಡಿಯಾಗಿ ಉದುರುತ್ತದೆ, ಒದ್ದೆ ಬಟ್ಟೆಯಲ್ಲೂ ಸವೆಸಬಹುದು. ಅಕ್ರಿಲಿಕ್ ಬಣ್ಣ ಹಾಗಲ್ಲ. ಪೂರ್ತಿ ಗಟ್ಟಿಯಾಗುವ ಮೊದಲು ಉಜ್ಜಿದರೆ ರಬ್ಬರಿನ ಹಾಗೆ ಉಂಡೆಯಾಗಿ ಸ್ಯಾಂಡ್ ಪೇಪರಿಗೆ ಅಂಟುತ್ತದೆ.

ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ. ಬೆರಳಿಗೆ ಅಂಟದಿರಲು ಕೆಲವು ಗಂಟೆ ಸಾಕು, ಪೂರ್ತಿ ಗಟ್ಟಿಯಾಗಲು ಸುಮಾರು 3-4 ವಾರ ಬೇಕು. ನನ್ನ ಟೇಬಲ್‌ಗೆ ಎರಡನೇ ಸಲ ಬಳಿದು ಇವತ್ತಿಗೆ 11 ದಿನ. ನೀಲಿ ಅಂಚು ಸರಿಯಾಗಿ ಬಂದಿದೆ. ಅದರ ಮೇಲೆ ಸದ್ಯ ಒಂದು ಪುಸ್ತಕ ಇಡಲೂ ಯಾರನ್ನೂ ಬಿಡುತ್ತಿಲ್ಲ.