‘ಕಾಮಿಕ್ ಆಕ್ಯುರೇಟ್’: ಸರಿ, ಯಾವ ಕಾಮಿಕ್‌ಗೆ?

ಸೂಪರ್‌ಹೀರೋ ಸಿನಿಮಾದ ಮೊದಲ ಫೋಟೋ ಹೊರಬಿದ್ದರೆ ಸಾಕು, ಅಭಿಮಾನಿಗಳ ಬಾಯಲ್ಲಿ ‘ಕಾಮಿಕ್ ಆಕ್ಯುರೇಟ್’ ಅನ್ನುವ ಮಾತು ಶುರು. ಕಥೆ ಗೊತ್ತಿಲ್ಲ, ಟೀಸರ್ ಬಂದಿಲ್ಲ, ನಟ ಒಂದು ಮಾತೂ ಆಡಿಲ್ಲ. ಆದರೂ ಬೆಲ್ಟಿನ ಬಣ್ಣ, ಎದೆಯ ಮೇಲಿನ ಚಿಹ್ನೆಯ ಗಾತ್ರ ನೋಡಿ ತೀರ್ಪು ಕೊಟ್ಟಾಗಿರುತ್ತದೆ. ‘ಪಕ್ಕಾ ಕಾಮಿಕ್ ಆಕ್ಯುರೇಟ್ ಗುರು’ ಅಂದರೆ ಮೆಚ್ಚಿದರು ಅಂತ ಅರ್ಥ. ‘ಇವರು ಯಾರೂ ಕಾಮಿಕ್ಸ್ ಓದೇ ಇಲ್ವಾ?’ ಅಂದರೆ ಆ ಸಿನಿಮಾದ ಗ್ರಹಚಾರ ಕೆಟ್ಟಿತು ಅಂತ.

ಪದದ ನೇರ ಅರ್ಥ ಸುಲಭ. ಕಾಮಿಕ್ ಪುಸ್ತಕದಲ್ಲಿ ಹೇಗಿತ್ತೋ ಪರದೆಯ ಮೇಲೂ ಹಾಗೇ ಇರುವುದು. ವೇಷಕ್ಕೂ ಹೇಳಬಹುದು, ಶಕ್ತಿಗೂ, ಹುಟ್ಟಿನ ಕಥೆಗೂ, ಮಾತಿನ ಧಾಟಿಗೂ. ಇದರ ಪಕ್ಕದಲ್ಲೇ ‘ಕ್ಯಾನನ್’ ಅಂತ ಇನ್ನೊಂದು ಪದ ಓಡಾಡುತ್ತದೆ. ಎರಡನ್ನೂ ಕಲಸಬೇಡಿ. ಆ ಕಥಾಲೋಕದಲ್ಲಿ ಯಾವುದು ನಿಜವಾಗಿ ನಡೆದದ್ದು ಅಂತ ಲೆಕ್ಕಕ್ಕೆ ಬರುತ್ತದೋ ಅದು ಕ್ಯಾನನ್. ಸಿನಿಮಾಗೆ ತನ್ನದೇ ಕ್ಯಾನನ್ ಇರಬಹುದು. ಕಾಮಿಕ್ ಆಕ್ಯುರೇಟ್ ಅನ್ನುವುದು ಬರೀ ಹೋಲಿಕೆಯ ಮಾತು.

ಜಾಸ್ತಿ ಗಲಾಟೆ ಆಗುವುದು ಬಟ್ಟೆಗೆ. ‘ಎಕ್ಸ್-ಮೆನ್’ ಸೂಪರ್‌ಹೀರೋ ತಂಡದ ವುಲ್ವರಿನ್‌ನನ್ನೇ ತೆಗೆದುಕೊಳ್ಳಿ. 1974ರಲ್ಲಿ ಹಲ್ಕ್ ಕಾಮಿಕ್‌ನೊಳಗೆ ಹಳದಿ ನೀಲಿ ಬಟ್ಟೆ ತೊಟ್ಟು ಬಂದವನು ಅವನು. 2000ದಲ್ಲಿ ‘ಎಕ್ಸ್-ಮೆನ್’ ಸಿನಿಮಾ ಬಂದಾಗ ಇಡೀ ತಂಡಕ್ಕೆ ಕಪ್ಪು ಲೆದರ್ ಹಾಕಿಸಿದರು. ವುಲ್ವರಿನ್ ಗೊಣಗಿದರೆ ಅದೇ ತಂಡದ ಸೈಕ್ಲಾಪ್ಸ್, ಮತ್ತೇನು ಹಳದಿ ಸ್ಪ್ಯಾಂಡೆಕ್ಸ್ ಬೇಕಿತ್ತಾ ಅಂತ ಚುಚ್ಚುತ್ತಾನೆ. ಅಭಿಮಾನಿಗಳು ನಕ್ಕರು, ಆದರೆ ಮರೆಯಲಿಲ್ಲ. ವುಲ್ವರಿನ್ ಪಾತ್ರದ ನಟ ಹ್ಯೂ ಜಾಕ್‌ಮನ್ ಮೈತುಂಬ ಹಳದಿ ತೊಟ್ಟು ಕುಣಿದಾಡಿದ್ದು 2024ರಲ್ಲಿ, ‘ಡೆಡ್‌ಪೂಲ್ ಆಂಡ್ ವುಲ್ವರಿನ್’ನಲ್ಲಿ. ಅಂದರೆ 24 ವರ್ಷ ಕಾದರು. ಕೊನೆಗೆ ಅವನು ಕಪ್ಪು ಕಿವಿಗಳ ಆ ಮುಖವಾಡ ಎಳೆದುಕೊಂಡಾಗ ನಾನು ಕೂತಿದ್ದ ಶೋನಲ್ಲಿ ಶಿಳ್ಳೆಯೋ ಶಿಳ್ಳೆ.

ಅದೇ ವುಲ್ವರಿನ್ ಕಾಮಿಕ್‌ನಲ್ಲಿ ಬರೀ 5 ಅಡಿ 3 ಇಂಚು. ಕುಳ್ಳ, ಗಟ್ಟಿ ಮೈಯವನು, ಮೂಗಿನ ತುದಿಯಲ್ಲೇ ಕೋಪ. ಅವನ ಅರ್ಧ ಸ್ವಭಾವ ಆ ಎತ್ತರದಲ್ಲೇ ಇದೆ. ಜಾಕ್‌ಮನ್ 6 ಅಡಿಗಿಂತ ಎತ್ತರ. ಮೊದಲು ಇದಕ್ಕೂ ತಕರಾರು ಬಂದಿತ್ತು, ಆಮೇಲೆ ಎಲ್ಲರೂ ಮರೆತರು. ಬಟ್ಟೆಗೆ ಇಲ್ಲದ ಮಾಫಿ ಎತ್ತರಕ್ಕೆ ಸಿಕ್ಕಿತು. ಯಾಕೆ? ನಟ ಇಷ್ಟವಾದ, ಅಷ್ಟೇ.

ಸ್ಪೈಡರ್-ಮ್ಯಾನ್ ಕಣ್ಣಿನ ವಿಷಯ ಇನ್ನೂ ಮಜಾ. ಮುಖವಾಡದ ಮೇಲಿನ ಆ ಎರಡು ಬಿಳಿ ತುಂಡುಗಳನ್ನು ಒಂದು ಕ್ಷಣ ದಿಟ್ಟಿಸಿ ನೋಡಿ. ಕಾಮಿಕ್‌ನಲ್ಲಿ ಕೋಪ ಬಂದರೆ ಅವು ಕಿರಿದಾಗುತ್ತವೆ, ಬೆಚ್ಚಿಬಿದ್ದರೆ ದೊಡ್ಡದಾಗುತ್ತವೆ. ಬಟ್ಟೆಗೆ ಕೂರಿಸಿದ ಗಾಜು ಹಾಗೆಲ್ಲ ಬದಲಾಗೋದು ಹೇಗೆ? ಪುಟದ ಮೇಲೆ ಯಾರೂ ಕೇಳುವುದಿಲ್ಲ. ಮುಖ ಮುಚ್ಚಿದವನ ಭಾವ ತೋರಿಸಲು ಚಿತ್ರಕಾರರಿಗೆ ಅದೊಂದೇ ದಾರಿ. 2002ರಿಂದ ಬಂದ ಸಿನಿಮಾಗಳಲ್ಲಿ ಮಸೂರ ಕದಲುತ್ತಿರಲಿಲ್ಲ. ನಟ ಕತ್ತು ವಾಲಿಸಿ, ಕೈ ಆಡಿಸಿ ಸುಧಾರಿಸಬೇಕಿತ್ತು. 2016ರ ‘ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್’ನಲ್ಲಿ ಕ್ಯಾಮೆರಾದ ಶಟರ್‌ನಂತೆ ತೆರೆದು ಮುಚ್ಚುವ ಕಣ್ಣು ಬಂತು. ಅಭಿಮಾನಿಗಳು ಇದೇ ಕಾಮಿಕ್ ಆಕ್ಯುರೇಟ್ ಅಂತ ಕುಣಿದರು. ಗಮನಿಸಿ, ಮೂಲದಲ್ಲಿ ಇದ್ದದ್ದು ಬಟ್ಟೆಯ ಮುಖವಾಡ, ಯಂತ್ರವಲ್ಲ. ಮೂಲದ ಹಾಗೇ ಕಾಣಲಿ ಅಂತ ಮೂಲದಲ್ಲಿ ಇಲ್ಲದ್ದನ್ನು ತಂದು ಕೂರಿಸಿದರು! ನನಗಂತೂ ಈ ಪದದ ಬಗ್ಗೆ ಅನುಮಾನ ಶುರುವಾದದ್ದೇ ಅಲ್ಲಿ.

ಅವನ ಬಲೆಯದೂ ಒಂದು ರಾಮಾಯಣ. 1962ರ ಮೊದಲ ಕಥೆಯಲ್ಲಿ ಮುಖವಾಡದ ಹಿಂದಿನ ಹುಡುಗ ಪೀಟರ್ ಬಲೆಯ ಅಂಟನ್ನೂ ಅದನ್ನು ಹಾರಿಸುವ ಸಾಧನವನ್ನೂ ತಾನೇ ತಯಾರಿಸುತ್ತಾನೆ. 2002ರ ಸಿನಿಮಾದಲ್ಲಿ ಬಲೆ ಮಣಿಕಟ್ಟಿನಿಂದ ತಾನಾಗೇ ಬರುತ್ತದೆ. ಇದಕ್ಕೆ ಎದ್ದ ಕೂಗು ಸುಮ್ನೆ ಹಟವಾಗಿರಲಿಲ್ಲ. ಜೇಡ ಕೊಟ್ಟದ್ದು ಶಕ್ತಿ, ಬಲೆ ಹುಡುಗನ ಸ್ವಂತ ಬುದ್ಧಿ. ಅದನ್ನೂ ಜೇಡದ ಲೆಕ್ಕಕ್ಕೆ ಬರೆದರೆ ಪೀಟರ್‌ಗೆ ಉಳಿದದ್ದೇನು? ಕಾಳಗದ ನಡುವೆ ಅಂಟು ಖಾಲಿಯಾಗಿ ಒದ್ದಾಡುವ ಮಜಾನೂ ಹೋಯಿತು. ಇಲ್ಲಿ ಅಭಿಮಾನಿಗಳು ಕೇಳುತ್ತಿದ್ದದ್ದು ಪಾತ್ರವನ್ನು. ಈ ಪದಕ್ಕೆ ತೂಕ ಬರುವುದು ಹೀಗೆ ಬಳಸಿದಾಗ ಮಾತ್ರ ಅಂತ ನನ್ನ ಲೆಕ್ಕ. ಅಂದಹಾಗೆ, 2004ರಲ್ಲಿ ಕಾಮಿಕ್‌ನ ಪೀಟರ್‌ಗೂ ಕೆಲಕಾಲ ಮಣಿಕಟ್ಟಿನಿಂದಲೇ ಬಲೆ ಬರುವ ಹಾಗೆ ಮಾಡಿದರು. 2012ರ ಹೊಸ ಸಿನಿಮಾ ವಾಪಸ್ ಸಾಧನಕ್ಕೇ ಹೋಯಿತು. ಈಗ ಹೇಳಿ, ಯಾವುದು ಆಕ್ಯುರೇಟ್?

ತೊಡಕು ಇರುವುದೇ ಇಲ್ಲಿ. ಹೋಲಿಸಿ ನೋಡೋಣ ಅಂದರೆ ‘ಆ ಕಾಮಿಕ್’ ಅಂತ ಒಂದೇ ಇಲ್ಲ. ಎಷ್ಟೋ ದಶಕದಿಂದ ಎಷ್ಟೋ ಜನ ಬರೆದಿದ್ದಾರೆ, ಚಿತ್ರ ಬಿಡಿಸಿದ್ದಾರೆ. 1938ರ ಸೂಪರ್‌ಮ್ಯಾನ್ ಹಾರುತ್ತಲೇ ಇರಲಿಲ್ಲ, ಉದ್ದಕ್ಕೆ ಜಿಗಿಯುತ್ತಿದ್ದ. ಅವನನ್ನು ಸುಸ್ತು ಮಾಡುವ ಕ್ರಿಪ್ಟೊನೈಟ್ 1943ರಲ್ಲಿ ರೇಡಿಯೋ ನಾಟಕದಲ್ಲಿ ಬಂದದ್ದು, ಆಮೇಲೆ ಕಾಮಿಕ್‌ಗೆ ಹೋಯಿತು. ಬ್ಯಾಟ್‌ಮ್ಯಾನ್ ಮನೆಯ ಬಟ್ಲರ್ ಆಲ್‌ಫ್ರೆಡ್ ಮೊದಲು ದಪ್ಪಗಿದ್ದ. 1943ರ ಸಿನಿಮಾ ಸೀರಿಯಲ್‌ನಲ್ಲಿ ತೆಳ್ಳಗಿನ, ಮೀಸೆಯ ನಟ ಬಂದ ಮೇಲೆ ಕಾಮಿಕ್‌ನ ಆಲ್‌ಫ್ರೆಡ್ಡೂ ತೆಳ್ಳಗಾಗಿ ಮೀಸೆ ಬಿಟ್ಟ. ಬ್ಯಾಟ್‌ಮ್ಯಾನ್ ಕಥೆಗಳ ಹಾರ್ಲಿ ಕ್ವಿನ್ ಹುಟ್ಟಿದ್ದು 1992ರ ಟಿವಿ ಕಾರ್ಟೂನ್‌ನಲ್ಲಿ, ಕಾಮಿಕ್‌ಗೆ ಬಂದದ್ದು ಆಮೇಲೆ.

2013ರ ‘ಮ್ಯಾನ್ ಆಫ್ ಸ್ಟೀಲ್’ನಲ್ಲಿ ಸೂಪರ್‌ಮ್ಯಾನ್ ಖಳನಾಯಕ ಜಾಡ್‌ನ ಕತ್ತು ಮುರಿದಾಗ ‘ನಮ್ಮ ಸೂಪರ್‌ಮ್ಯಾನ್ ಕೊಲ್ಲಲ್ಲ’ ಅಂತ ದೊಡ್ಡ ಕೂಗೆದ್ದಿತು. 1988ರ ಒಂದು ಸಂಚಿಕೆಯಲ್ಲಿ ಇದೇ ಸೂಪರ್‌ಮ್ಯಾನ್ ಜಾಡ್ ಮತ್ತವನ ಜೊತೆಗಾರರನ್ನು ಕ್ರಿಪ್ಟೊನೈಟ್ ಬಳಸಿ ಕೊಂದಿದ್ದ. ಪುಟ ತೋರಿಸಿ ವಾದ ಗೆಲ್ಲಬಹುದು. ಆದರೆ ಬೇಜಾರಾದವರ ಬೇಜಾರು ಹೋಗುವುದಿಲ್ಲ. ಅವರು ‘ನಮ್ಮ’ ಅಂದದ್ದು ತಾವು ಮೊದಲು ಓದಿ ಮನಸ್ಸಲ್ಲಿ ಇಟ್ಟುಕೊಂಡವನನ್ನು. ಆ ಪುಟ ಅವರ ಕಪಾಟಿನಲ್ಲೇ ಇದ್ದರೂ ಅಷ್ಟೇ.

ಪುಟಕ್ಕೆ ಪುಟ ಹೊಂದಿಸಿದರೂ ಎಲ್ಲರೂ ಒಪ್ಪುವುದಿಲ್ಲ ಅನ್ನುವುದಕ್ಕೆ 2009ರ ‘ವಾಚ್‌ಮೆನ್’ ಸಿನಿಮಾ ಇದೆ. ಎಷ್ಟೋ ಫ್ರೇಮು ಡೇವ್ ಗಿಬ್ಬನ್ಸ್ ಬಿಡಿಸಿದ ಚಿತ್ರದ ಪಡಿಯಚ್ಚು. ಕೊನೆಯಲ್ಲಿ ಮಾತ್ರ ಕಾಮಿಕ್‌ನ ದೈತ್ಯ ಜಂತುವನ್ನು ಕೈಬಿಟ್ಟರು. ಕೆಲವರು ಜಂತು ಎಲ್ಲಿ ಅಂತ ಜಗಳಕ್ಕೆ ನಿಂತರು. ಇನ್ನು ಕೆಲವರ ದೂರು ಬೇರೆ: ಕಾಮಿಕ್‌ನಲ್ಲಿ ಅಸಹ್ಯ ಹುಟ್ಟಿಸುವ ಹೊಡೆದಾಟ ಇಲ್ಲಿ ಸ್ಲೋ ಮೋಷನ್‌ನಲ್ಲಿ ಸ್ಟೈಲ್ ಆಗಿಬಿಟ್ಟಿದೆ. ನನ್ನ ಓಟು ಎರಡನೆಯವರಿಗೆ.

ಕೋಪ ಬೇಗ ಇಳಿಯುವುದೂ ಉಂಟು. ಮೈಕಲ್ ಕೀಟನ್ ಬ್ಯಾಟ್‌ಮ್ಯಾನ್ ಆಗುತ್ತಾನೆ ಅಂದಾಗ, ಕಾಮಿಡಿ ಮಾಡುವವನಿಗೆ ಈ ಪಾತ್ರವಾ ಅಂತ ವಾರ್ನರ್ ಬ್ರದರ್ಸ್‌ಗೆ ಸುಮಾರು 50,000 ಪತ್ರ ಹೋದವು ಅನ್ನುತ್ತಾರೆ. 1989ರಲ್ಲಿ ಸಿನಿಮಾ ಬಂತು, ಕೂಗು ಅಡಗಿತು. ಕಾಮಿಕ್‌ನ ಬೂದು ಬಟ್ಟೆ ಹೋಗಿ ಕಪ್ಪು ರಬ್ಬರ್ ಸೂಟು ಬಂದದ್ದನ್ನೂ ಜನ ಒಪ್ಪಿಕೊಂಡರು.

ಇನ್ನು ಮಾರ್ವೆಲ್ ಕಥೆಗಳ ಗೂಢಚಾರ ಮುಖ್ಯಸ್ಥ ನಿಕ್ ಫ್ಯೂರಿ. 1963ರಿಂದ ಅವನು ಬಿಳಿಯ. 2002ರ ‘ಅಲ್ಟಿಮೇಟ್ಸ್’ ಕಾಮಿಕ್‌ನಲ್ಲಿ ಅವನಿಗೆ ಕಪ್ಪು ವರ್ಣೀಯ ನಟ ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಮುಖ ಬಿಡಿಸಿದರು. 2008ರಲ್ಲಿ ‘ಐರನ್ ಮ್ಯಾನ್’ನ ಕೊನೆಯ ಟೈಟಲ್ ಮುಗಿದ ಮೇಲೆ ಕಪ್ಪು ಕಣ್ಣುಪಟ್ಟಿ ಕಟ್ಟಿಕೊಂಡು ಜಾಕ್ಸನ್ನೇ ಬಂದು ನಿಂತ. ಹಳೆಯ ಓದುಗರು ಇವನು ನಮ್ಮ ಫ್ಯೂರಿ ಅಲ್ಲ ಅಂದರು. ‘ಅಲ್ಟಿಮೇಟ್ಸ್’ ಓದಿದವರು ಪುಟ ಬಿಡಿಸಿ ತೋರಿಸಿದರು.