ಟ್ರಂಕೇಟ್ ಕಮಾಂಡ್: ಫೈಲಿನ ಉದ್ದ ಬೇರೆ, ಹಿಡಿಯುವ ಜಾಗ ಬೇರೆ

ಲಿನಕ್ಸ್‌ನಲ್ಲಿ ಒಂದು ಫೈಲಿಗೆ ಎರಡು ಅಳತೆ. ಇನೋಡ್‌ನಲ್ಲಿ (ಫೈಲಿನ ವಿವರ ಇಡುವ ದಾಖಲೆ) ಬರೆದಿರುವ ಉದ್ದವನ್ನು 'ಎಲ್‌ಎಸ್ -ಎಲ್' ತೋರಿಸುತ್ತದೆ. ಡಿಸ್ಕಿನಲ್ಲಿ ನಿಜವಾಗಿ ಹಿಡಿದಿರುವ ಬ್ಲಾಕ್‌ಗಳನ್ನು, ಅಂದರೆ ಜಾಗದ ತುಂಡುಗಳನ್ನು, 'ಡಿಯು' ಲೆಕ್ಕ ಹಾಕುತ್ತದೆ. ಟ್ರಂಕೇಟ್ ಎಂಬುದು ಫೈಲನ್ನು ಹಿಗ್ಗಿಸುವ, ಕುಗ್ಗಿಸುವ ಕಮಾಂಡ್; ಅದಕ್ಕೆ ಹೇಳುವುದು ಉದ್ದವನ್ನು ಮಾತ್ರ.

'ಟ್ರಂಕೇಟ್ -ಎಸ್ 1ಜಿ ಡಿಸ್ಕ್.ಇಮೇಜ್' ಎಂದು ಕೊಟ್ಟು ನೋಡಿ. ಫೈಲ್ ಇಲ್ಲದಿದ್ದರೆ ತಾನೇ ಹುಟ್ಟುತ್ತದೆ (ಹುಟ್ಟಬಾರದೆಂದರೆ -ಸಿ ಸೇರಿಸಿ). ಎಲ್‌ಎಸ್ 1073741824 ಬೈಟ್ ಎನ್ನುತ್ತದೆ, ಡಿಯು ಸೊನ್ನೆ ಎನ್ನುತ್ತದೆ. ಎರಡೂ ಸರಿಯೇ: ಒಳಗಿರುವುದು ಬರೀ ಖಾಲಿ ರಂಧ್ರ (ಉದ್ದವಿದ್ದೂ ಡಿಸ್ಕಿನ ಜಾಗ ಹಿಡಿಯದ ಭಾಗ), ಓದಿದರೆ ಸೊನ್ನೆ ಬೆಲೆಯ ಬೈಟ್‌ಗಳು ಬರುತ್ತವೆ. ತೊಂದರೆ ಕಾಣಿಸುವುದು ಆಮೇಲೆ. ಡೇಟಾ ತುಂಬುತ್ತಾ ಹೋದಂತೆ ಡಿಸ್ಕಿನ ಜಾಗ ಮುಗಿದರೆ ಬರವಣಿಗೆ ನಡುವೆಯೇ ನಿಲ್ಲುತ್ತದೆ. ಜಾಗವನ್ನು ಮೊದಲೇ ಕಾಯ್ದಿರಿಸಬೇಕೆಂದರೆ 'ಫ್ಯಾಲೊಕೇಟ್ -ಎಲ್ 1ಜಿ' ಬಳಸಿ. ಆದರೆ ಇದ್ದ ಫೈಲನ್ನು ಅದು ಗಿಡ್ಡ ಮಾಡುವುದಿಲ್ಲ, ಎಲ್ಲ ಫೈಲ್‌ಸಿಸ್ಟಂಗಳಲ್ಲೂ (ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ನಡೆಯುವುದಿಲ್ಲ.

ಸಂಖ್ಯೆಯ ಹಿಂದಿನ ಚಿಹ್ನೆ ಮರೆತರೆ ಪೆಟ್ಟು ಜೋರು. '+10ಎಂ' ಎಂದರೆ ಈಗಿನ ಉದ್ದಕ್ಕೆ ಸೇರಿಸು, '-10ಎಂ' ಎಂದರೆ ಬಾಲದಿಂದ ಕತ್ತರಿಸು. ಬರೀ '10ಎಂ' ಎಂದರೆ ಒಟ್ಟು ಉದ್ದವೇ ಅಷ್ಟು. ದೊಡ್ಡ ಫೈಲಿನಲ್ಲಿ ಉಳಿದದ್ದೆಲ್ಲ ಹೋಯಿತು. ಕಮಾಂಡ್ ಕೇಳುವುದೂ ಇಲ್ಲ, ಹಿಂದಿರುಗಿಸುವುದೂ ಇಲ್ಲ. ಗರಿಷ್ಠ ಮಿತಿಗೆ '<', ಕನಿಷ್ಠ ಮಿತಿಗೆ '>' ಇವೆ. ಇವನ್ನು ಕೋಟ್ ಒಳಗೇ ಬರೆಯಿರಿ, ಇಲ್ಲವಾದರೆ ಕಮಾಂಡ್ ಓದಿ ನಡೆಸುವ ಶೆಲ್ ಅದನ್ನು ರೀಡೈರೆಕ್ಷನ್ (ಇನ್‌ಪುಟ್, ಔಟ್‌ಪುಟ್‌ಗಳನ್ನು ಫೈಲಿಗೆ ತಿರುಗಿಸುವ ಚಿಹ್ನೆ) ಎಂದುಕೊಳ್ಳುತ್ತದೆ.

ಟ್ರಂಕೇಟ್‌ಗೆ ಗೊತ್ತಿರುವುದು ಬೈಟ್ ಮಾತ್ರ, ಅಕ್ಷರವಲ್ಲ. ಅಕ್ಷರಗಳನ್ನು ಬೈಟ್ ಆಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೂ (ಯೂನಿಕೋಡ್‌ನಲ್ಲಿ ಸ್ವಂತ ಸಂಖ್ಯೆಯುಳ್ಳ ಅಕ್ಷರ ಅಥವಾ ಚಿಹ್ನೆ) 3 ಬೈಟ್. 'ಕ್ಕೆ' ಎಂಬುದರಲ್ಲಿ ನಾಲ್ಕು ಕೋಡ್‌ಪಾಯಿಂಟ್ (ಕ, ವಿರಾಮ ಚಿಹ್ನೆ, ಕ, ಎ-ಸ್ವರಚಿಹ್ನೆ), ಅಂದರೆ 12 ಬೈಟ್. 10ನೇ ಬೈಟಿಗೆ ಕತ್ತರಿಸಿದರೆ 'ಕ್ಕ' ಉಳಿದು, ಕೊನೆಗೊಂದು ಮುರುಕು ಬೈಟ್ ಅಂಟಿಕೊಂಡಿರುತ್ತದೆ.

ಇಎಕ್ಸ್‌ಟಿ4 ಇಮೇಜ್, ಅಂದರೆ ಇಎಕ್ಸ್‌ಟಿ4 ಫೈಲ್‌ಸಿಸ್ಟಂ ಇಡಿಯಾಗಿ ಒಳಗಿರುವ ಫೈಲನ್ನು, ಹಿಗ್ಗಿಸುವಾಗ (ಮೌಂಟ್ ಆಗಿ ಬಳಕೆಯಲ್ಲಿರಬಾರದು) ಮೊದಲು ಟ್ರಂಕೇಟ್, ನಂತರ ಫೈಲ್‌ಸಿಸ್ಟಂ ಪರೀಕ್ಷಿಸುವ 'ಇ2ಎಫ್‌ಎಸ್‌ಸಿಕೆ -ಎಫ್', ಕೊನೆಗೆ ಅದರ ಗಾತ್ರ ಬದಲಿಸುವ 'ರಿಸೈಜ್2ಎಫ್‌ಎಸ್'. ಕುಗ್ಗಿಸುವಾಗ ಪರೀಕ್ಷೆ ಮುಗಿಸಿ ಮೊದಲು ಫೈಲ್‌ಸಿಸ್ಟಂ ಕುಗ್ಗಿಸಿ, ಆಮೇಲೆ ಫೈಲ್. ಇಲ್ಲಿ ಯೂನಿಟ್ ನೋಡಿಕೊಳ್ಳಿ: ರಿಸೈಜ್2ಎಫ್‌ಎಸ್‌ಗೆ '2ಜಿ' ಎಂದರೆ 2147483648 ಬೈಟ್, ಟ್ರಂಕೇಟ್‌ಗೆ '2ಜಿಬಿ' ಎಂದರೆ 2000000000. ಆ ಒಂದು 'ಬಿ' ಸೇರಿದರೆ ಫೈಲ್‌ಸಿಸ್ಟಂನ ಬಾಲ ತುಂಡಾಗುತ್ತದೆ.

ಇನ್ನು ಲಾಗ್, ಅಂದರೆ ಪ್ರೋಗ್ರಾಂ ತನ್ನ ಕೆಲಸದ ದಾಖಲೆ ಬರೆಯುತ್ತಾ ಹೋಗುವ ಫೈಲ್. ಪ್ರೋಗ್ರಾಂ ತೆರೆದಿಟ್ಟ ಲಾಗನ್ನು 'ಆರ್‌ಎಂ'ನಿಂದ ಅಳಿಸಿದರೆ ಹೆಸರು ಹೋಗುತ್ತದೆ, ಜಾಗ ಬಿಡುಗಡೆಯಾಗುವುದಿಲ್ಲ. 'ಟ್ರಂಕೇಟ್ -ಎಸ್ 0' ಆದರೆ ಕೂಡಲೇ ಬಿಡಿಸುತ್ತದೆ. ಅಷ್ಟಾದರೂ ಕೆಲವೊಮ್ಮೆ ಎಲ್‌ಎಸ್ ಮತ್ತೆ ಹಳೆಯ ಗಾತ್ರವನ್ನೇ ತೋರಿಸುವುದುಂಟು. ಪ್ರೋಗ್ರಾಂ ಲಾಗನ್ನು ಅಪೆಂಡ್ ಮೋಡ್‌ನಲ್ಲಿ (ಯಾವಾಗಲೂ ಫೈಲಿನ ಕೊನೆಗೇ ಬರೆಯುವ ರೀತಿ) ತೆರೆದಿಲ್ಲ, ತನ್ನ ಹಳೆಯ ಆಫ್‌ಸೆಟ್‌ನಿಂದಲೇ (ಫೈಲಿನಲ್ಲಿ ಬರೆಯುತ್ತಿದ್ದ ಸ್ಥಾನ) ಬರೆಯುತ್ತಿದೆ ಎಂದರ್ಥ. ಆ ಸ್ಥಾನಕ್ಕಿಂತ ಮೊದಲಿನ ಭಾಗವೆಲ್ಲ ರಂಧ್ರ. ಡಿಯು ಹಾಕಿದರೆ ಗೊತ್ತಾಗುತ್ತದೆ. ಪ್ರೋಗ್ರಾಂ ಲಾಗನ್ನು ಮತ್ತೆ ತೆರೆಯುವಂತೆ ಮಾಡಿದ ಮೇಲೆ ಇನ್ನೊಮ್ಮೆ ಸೊನ್ನೆಗಿಳಿಸಿ.