ಅವರೆ ಬಳ್ಳಿ ಇರುಳನ್ನು ಅಳೆಯುತ್ತದೆ

ಹೋದ ವರ್ಷ ನಮ್ಮ ತಾರಸಿಯಲ್ಲಿ ಐದು ಅವರೆ ಬಳ್ಳಿ ಹಬ್ಬಿಸಿದ್ದೆ. ಕಾರ್ತಿಕ ಮುಗಿಯುವ ಹೊತ್ತಿಗೆ ಹಿತ್ತಲ ಕಡೆಯ ಮೂರು ಬಳ್ಳಿ ಹೂಗೊಂಚಲಿನಿಂದ ತುಂಬಿದ್ದವು, ರಸ್ತೆಯ ಕಡೆಯ ಎರಡರಲ್ಲಿ ಬರೀ ಎಲೆ. ಬೀಜ ಒಂದೇ, ಮಣ್ಣು ಒಂದೇ, ಹಾಕಿದ ಗೊಬ್ಬರವೂ ಒಂದೇ. ಪಕ್ಕದ ಮನೆ ಅಜ್ಜಿ ನೋಡಿ, "ದೃಷ್ಟಿ ಕಣಪ್ಪ, ರಸ್ತೇಲಿ ಹೋಗೋರ ಕಣ್ಣು ಬೀಳ್ತದೆ, ಒಂದು ಹಳೇ ಚಪ್ಪಲಿ ಕಟ್ಟು" ಅಂದರು. ಅಜ್ಜಿ ಅರ್ಧ ಸರಿಯಾಗಿಯೇ ಕಂಡಿದ್ದರು. ತೊಂದರೆ ಬರುತ್ತಿದ್ದದ್ದು ರಸ್ತೆಯಿಂದಲೇ. ಆದರೆ ಬಳ್ಳಿಯ ಮೇಲೆ ಬೀಳುತ್ತಿದ್ದದ್ದು ಯಾರ ಕಣ್ಣೂ ಅಲ್ಲ, ಬೀದಿದೀಪದ ಬೆಳಕು.

ಇಬ್ಬನಿ ಬಿದ್ದರೇ ಅವರೆ ಹೂ ಕಟ್ಟುವುದು, ಸೊಗಡು ಬರುವುದೂ ಇಬ್ಬನಿಯಿಂದಲೇ ಎಂದು ಹಳೇ ಮೈಸೂರು ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇಬ್ಬನಿ, ಅವರೆ ಎರಡೂ ಒಂದೇ ಕಾಲಕ್ಕೆ ಬರುತ್ತವೆ, ಅಷ್ಟೆ. ಕಾಯಿ ಸುಲಿದಾಗ ಬೆರಳಿಗೆ ಅಂಟುವ ಜಿಡ್ಡಿದೆಯಲ್ಲ, ಸೊಗಡಿನ ಮೂಲ ಅದು. ಗಿಡ ತಾನೇ ತಯಾರಿಸಿ ಸಿಪ್ಪೆಯ ಮೇಲೆ ಒಸರಿಸುವ ಕೊಬ್ಬಿನಾಮ್ಲಗಳ ವಾಸನೆ. ಇನ್ನು ಹೂವು ಕಾಯುವುದು ಇರುಳು ಉದ್ದವಾಗುವುದನ್ನು.

ಬೆಂಗಳೂರಿನಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರಿನ ಹಗಲು ಸುಮಾರು 11 ಗಂಟೆ 20 ನಿಮಿಷ. ವರ್ಷವಿಡೀ ಸೇರಿ ಒಂದೂವರೆ ಗಂಟೆಯ ಏರಿಳಿತ. ನಮಗೆ ಅದು "ಸಂಜೆ ಬೇಗ ಕತ್ತಲಾಗ್ತದಲ್ಲ" ಅನ್ನುವಷ್ಟು ಮಾತ್ರ ಗೊತ್ತಾಗುತ್ತದೆ. ಕಣ್ಣಿಲ್ಲದ, ಗಡಿಯಾರವಿಲ್ಲದ ಬಳ್ಳಿ ಅದನ್ನು ಅಳೆದು ಇಟ್ಟುಕೊಳ್ಳುತ್ತದೆ! ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ನಾಟಿ ಅವರೆಯನ್ನು ಮುಂಚೆ ಬಿತ್ತಿ, ಒಂದು ತಿಂಗಳು ತಡವಾಗಿ ಬಿತ್ತಿ, ಹೂ ಮಾತ್ರ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತದೆ. ಏಪ್ರಿಲ್‌ನಲ್ಲಿ ಬೀಜ ಊರಿದವರಿಗೆ ತಿಂಗಳುಗಟ್ಟಲೆ ಸಿಗುವುದು ಎಲೆಯ ಚಪ್ಪರ.

ಇಲ್ಲಿ ನಮ್ಮ ರೈತರ ಲೆಕ್ಕವೊಂದನ್ನು ಹೇಳಲೇಬೇಕು. ಹಬ್ಬದ ತಿಥಿಗಳು ಚಂದ್ರನನ್ನು ನೋಡಿ ನಡೆಯುತ್ತವೆ, ಮಳೆ ನಕ್ಷತ್ರಗಳು ಹಾಗಲ್ಲ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಲ್ಲ ಸೂರ್ಯ ಇರುವ ನಕ್ಷತ್ರದ ಲೆಕ್ಕ. ಆರಿದ್ರಾ ಮಳೆ ಶುರುವಾಗುವುದು ಜೂನ್ 21-22ರ ಸುಮಾರಿಗೆ, ವರ್ಷದ ಅತಿ ಉದ್ದದ ಹಗಲಿಗೆ ಹೊಂದಿಕೊಂಡಂತೆ. ಮಳೆ ನಕ್ಷತ್ರ ನೋಡಿ ಬಿತ್ತುವವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಹಗಲಿನ ಉದ್ದವನ್ನೇ ನೋಡಿ ಬಿತ್ತುತ್ತಿದ್ದಾರೆ. ಇದನ್ನೂ ಹಳೇ ಚಪ್ಪಲಿ ಕಟ್ಟುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಗುಟ್ಟು ಬಯಲಾದದ್ದು ಹೊಗೆಸೊಪ್ಪಿನಿಂದ. ಅಮೆರಿಕದ 'ಮೇರಿಲ್ಯಾಂಡ್ ಮ್ಯಾಮತ್' ಎಂಬ ತಳಿ ಬೇಸಿಗೆಯಲ್ಲಿ ಆಳೆತ್ತರ ಮೀರಿ ಬೆಳೆದರೂ ಹೊಲದಲ್ಲಿ ಹೂ ಬಿಡುತ್ತಿರಲಿಲ್ಲ, ಚಳಿಗಾಲದ ಗಾಜಿನ ಮನೆಯಲ್ಲಿ ಬಿಡುತ್ತಿತ್ತು. ಗಾರ್ನರ್ ಮತ್ತು ಅಲಾರ್ಡ್ ಎಂಬಿಬ್ಬರು 1918ರ ಜುಲೈನಲ್ಲಿ ಈ ಗಿಡದ ಕುಂಡಗಳನ್ನೂ ಸೋಯಾ ಗಿಡಗಳನ್ನೂ ದಿನಾ ಸಂಜೆ 4ಕ್ಕೆ ಕತ್ತಲೆ ಕೋಣೆಗೆ ಸೇರಿಸಿ, ಮರುದಿನ ಬೆಳಿಗ್ಗೆ 9ಕ್ಕೆ ಹೊರಗೆ ತಂದರು. ನಡುಬೇಸಿಗೆಯಲ್ಲೇ ಹೂವು ಬಂತು. 1920ರಲ್ಲಿ ಅವರ ವರದಿ ಅಚ್ಚಾಯಿತು. ಮುಂದೆ 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಹೋದರು. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲು ಮಾಡಿದರೆ ಗಿಡಕ್ಕೆ ಲೆಕ್ಕಕ್ಕಿಲ್ಲ, ಇರುಳಿನ ನಡುವೆ ಕೆಲವೇ ನಿಮಿಷ ದೀಪ ಹಚ್ಚಿದರೆ ಹೂವೇ ಇಲ್ಲ. ಗಿಡ ಅಳೆಯುತ್ತಿದ್ದದ್ದು ಹಗಲನ್ನಲ್ಲ, ಇರುಳನ್ನು!

ಹೆಪ್ಪು ಹಾಕಿದ ಹಾಲನ್ನು ನೆನೆಯಿರಿ. ಹಗಲೆಲ್ಲ ಎಷ್ಟು ಜೋಪಾನ ಮಾಡಿದ್ದರೂ ನಡುರಾತ್ರಿ ಯಾರೋ ಪಾತ್ರೆ ಎತ್ತಿ ಕುಲುಕಿದರೆ ಬೆಳಿಗ್ಗೆ ಗಟ್ಟಿ ಮೊಸರಿಲ್ಲ. ಎಲೆಯೊಳಗೆ ಕುಲುಕು ತಿನ್ನುವ ವಸ್ತು ಫೈಟೋಕ್ರೋಮ್ ಎಂಬ ಪ್ರೋಟೀನು. ಅದನ್ನು ಒಂದು ಬಟ್ಟೆ ಎಂದುಕೊಳ್ಳಿ. ಬಿಸಿಲಿನ ಕೆಂಪು ಬೆಳಕು ಅದನ್ನು ಒದ್ದೆ ಮಾಡುತ್ತದೆ, ಕತ್ತಲಲ್ಲಿ ಅದು ನಿಧಾನವಾಗಿ ಒಣಗುತ್ತದೆ. ಬೀದಿದೀಪವೆಂದರೆ ಒಣಗುತ್ತಿರುವ ಬಟ್ಟೆಗೆ ಮತ್ತೆ ಮತ್ತೆ ನೀರು ಎರಚಿದಂತೆ. ಬಟ್ಟೆ ಒಣಗುವುದಷ್ಟೇ ಸಾಲದು, ಅದನ್ನು ಮುಟ್ಟಿ ನೋಡುವವನೊಬ್ಬ ಬೇಕು. ಗಿಡದೊಳಗೊಂದು ಗಡಿಯಾರವೂ ಇದೆ. 1729ರಲ್ಲೇ ಫ್ರಾನ್ಸಿನ ಡಿ ಮೈರಾನ್, ಕತ್ತಲಲ್ಲಿಟ್ಟ ಮುಟ್ಟಿದರೆ ಮುನಿ ಗಿಡ ಹೊತ್ತಿಗೆ ಸರಿಯಾಗಿ ಎಲೆ ತೆರೆದು ಮುಚ್ಚುವುದನ್ನು ಕಂಡಿದ್ದ. ಆ ಗಡಿಯಾರ ಊರ ತಳವಾರನಂತೆ ಇರುಳಿನ ಒಂದು ಗೊತ್ತಾದ ಜಾವದಲ್ಲಿ ಬಂದು ಬಟ್ಟೆ ಮುಟ್ಟುತ್ತದೆ. ಒಣಗಿದ್ದರೆ ಎಲೆಯಿಂದ ಓಲೆ ಹೊರಡುತ್ತದೆ. ಈ ಓಲೆಗೆ 1930ರ ದಶಕದಲ್ಲೇ ಸೋವಿಯತ್ ವಿಜ್ಞಾನಿ ಚೈಲಖ್ಯಾನ್ ಫ್ಲೋರಿಜೆನ್ ಎಂದು ಹೆಸರಿಟ್ಟರು. ಅದೊಂದು ಪುಟ್ಟ ಪ್ರೋಟೀನು ಎಂದು ಖಚಿತವಾದದ್ದು 2007ರಲ್ಲಿ. ಎಲೆ ಕತ್ತಲನ್ನು ಅಳೆಯುತ್ತದೆ, ಸಕ್ಕರೆ ಸಾಗುವ ನಾಳಗಳಲ್ಲೇ ಓಲೆ ಕುಡಿಗೆ ಹೋಗುತ್ತದೆ, ಕುಡಿ ಎಲೆ ಬಿಡುವುದನ್ನು ನಿಲ್ಲಿಸಿ ಮೊಗ್ಗು ಬಿಡುತ್ತದೆ.

ಅವರೆಯ ಮಾತು ಬಂದಾಗ ವೀರಬಲ್ಲಾಳನಿಗೆ ಮುದುಕಿ ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು, ಬೆಂಗಳೂರು ಎಂಬ ಕಥೆ ಬಂದೇ ಬರುತ್ತದೆ. ಕಥೆ ಚೆನ್ನ. ಆದರೆ ಬೇಗೂರಿನ ವೀರಗಲ್ಲು ಸುಮಾರು ಕ್ರಿ.ಶ. 890ರಲ್ಲೇ 'ಬೆಂಗಳೂರು' ಎನ್ನುತ್ತದೆ. ಎರಡನೇ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ.

ಈಗ ಇರುಳಿನ ಲೆಕ್ಕವಿಡದ ತಳಿಗಳೂ ಬಂದಿವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುತ್ತವೆ. ಬೇಸಿಗೆಯಲ್ಲಿ ಅವರೆಕಾಳು ಉಪ್ಪಿಟ್ಟು ತಿನ್ನುತ್ತಿದ್ದೀರಿ ಎಂದರೆ ಇಂಥ ತಳಿಗಳ ಕೃಪೆ. ಆದರೂ ಸೊಗಡಿನ ವಿಷಯದಲ್ಲಿ ನನ್ನ ಮೂಗು ಪುಷ್ಯಮಾಸದ ನಾಟಿ ಅವರೆಯನ್ನೇ ಬಯಸುತ್ತದೆ.

ಈ ಸಲ ಆಶ್ಲೇಷ ಮಳೆಯಲ್ಲಿ ಬೀಜ ಊರಿದೆ. ನಡೆದಾಡುವವರಿಗೆ ದೀಪ ಬೇಕೇ ಬೇಕು, ಆರಿಸಿ ಎನ್ನಲಾಗದು. ಗೌರಿಹಬ್ಬ ಕಳೆದ ಮೇಲೆ ರಸ್ತೆಯ ಕಡೆಗೆ ಗೋಣಿತಾಟಿನ ಪರದೆ ಕಟ್ಟಿ, ದಿನಾ ಸಂಜೆ ಇಳಿಬಿಟ್ಟು ಬೆಳಿಗ್ಗೆ ಸುತ್ತಿಡುತ್ತಾ ಬಂದೆ. ದೀಪಾವಳಿ ಕಳೆದು ಎರಡು ವಾರಕ್ಕೆ ಆ ಎರಡು ಬಳ್ಳಿಯಲ್ಲೂ ಮೊಗ್ಗು ಬಂತು. ಧನುರ್ಮಾಸದಲ್ಲಿ ಅಜ್ಜಿಗೆ ಒಂದು ಮೊರ ಕಾಯಿ ಕೊಟ್ಟೆ, ಇವು ರಸ್ತೆಯ ಕಡೆಯವು ಎಂದು ಹೇಳಿಯೇ ಕೊಟ್ಟೆ. ಅಜ್ಜಿ ಗೋಣಿತಾಟನ್ನು ಒಮ್ಮೆ ಮುಟ್ಟಿ ನೋಡಿದರು. ಮರುದಿನ ಮಧ್ಯಾಹ್ನ ಅವರ ಮೊಮ್ಮಗಳು ಹಿತುಕಿದ ಬೇಳೆ ಸಾರನ್ನು ಪಾತ್ರೆಯಲ್ಲಿ ತಂದುಕೊಟ್ಟಳು, ಇನ್ನೂ ಹಬೆಯಾಡುತ್ತಿತ್ತು.